ಹಳೇ ಯೂನಿಟಿ ವರ್ಷನ್‌ಗಳಿಗೆ ಸಪೋರ್ಟ್ ಯಾವಾಗ ನಿಲ್ಲಿಸ್ಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿವಮೊಗ್ಗದವನು, ಯೂನಿಟಿ ಗೇಮ್ ಎಂಜಿನ್‌ಗೆ ಒಂದು ಪ್ಲಗಿನ್ ಮಾಡಿ ಅವರ ಅಸೆಟ್ ಸ್ಟೋರ್‌ಗೆ ಹಾಕಿದೀನಿ. ಯೂನಿಟಿಲಿ ಅಕ್ಷರ ತೋರಿಸೋ ಟೆಕ್ಸ್ಟ್‌ಮೆಶ್‌ಪ್ರೋದಲ್ಲಿ ಕನ್ನಡ, ತೆಲುಗು, ಹಿಂದಿ ಒತ್ತಕ್ಷರ ಒಡೆದು ಹೋಗದ ಹಾಗೆ ಸರಿಯಾಗಿ ತೋರಿಸುತ್ತೆ, ಒಳಗಡೆ ಅಕ್ಷರ ಜೋಡಿಸೋ ಹಾರ್ಫ್‌ಬಝ್ ಲೈಬ್ರರಿ ಇದೆ. ಶುರು ಮಾಡಿದಾಗ 2019.4 ಇತ್ತು, ಅಲ್ಲಿಂದ ಯೂನಿಟಿ 6 ತನಕ ಒಂದನ್ನೂ ಬಿಟ್ಟಿಲ್ಲ. ಈಗ ಸಣ್ಣ ಬಗ್ ಸರಿ ಮಾಡಿದ್ರೂ ಐದು ಎಡಿಟರ್ ತೆಗೆದು ಟೆಸ್ಟ್ ಮಾಡ್ಬೇಕು, ಹೊಸ ಫೀಚರ್ ಕಡೆ ಕೈ ಹಾಕಕ್ಕೇ ಆಗ್ತಿಲ್ಲ. ಹಳೇದನ್ನ ಬಿಟ್ರೆ ದುಡ್ಡು ಕೊಟ್ಟು ತಗೊಂಡವರು ಒಂದು ಸ್ಟಾರ್ ಹಾಕಿ ಬೈತಾರೆ ಅಂತ ಭಯ. ಯಾವಾಗ ಬಿಡ್ಬೇಕು, ಹೇಗೆ ಬಿಡ್ಬೇಕು?

ಉತ್ತರ: ಮೊದ್ಲು ನಿಮ್ಗೆ ಬೇಕಾಗಿರೋ ಉತ್ತರ ಕೊಟ್ಬಿಡ್ತೀನಿ, ಕಾರಣ ಆಮೇಲೆ. 2019.4, 2020.3 ಎರಡನ್ನೂ ಈಗ್ಲೇ ಬಿಡಿ. 2021.3 ಮುಂದಿನ ಮೇಜರ್ ವರ್ಷನ್ ಜೊತೆ ಹೋಗ್ಲಿ. 2022.3 ಇಟ್ಕೊಳ್ಳಿ, ಅದರ ವಿಷಯ ಸ್ವಲ್ಪ ಬೇರೆ, ಕೊನೇಲಿ ಬರ್ತೀನಿ.

ಈ ಪ್ರಶ್ನೆ ಬಂದಾಗ ಎಲ್ಲರೂ ಹಾಕೋ ಲೆಕ್ಕ ಒಂದೇ, ಹಳೇ ವರ್ಷನ್‌ನಲ್ಲಿ ಇನ್ನೂ ಎಷ್ಟು ಜನ ಇದಾರೆ, ನೂರಕ್ಕೆ ಐದಾ ಹತ್ತಾ, ಐದಕ್ಕಿಂತ ಕಮ್ಮಿ ಆದ ತಕ್ಷಣ ಬಿಟ್ಬಿಡೋಣ ಅಂತ. ಆ ನಂಬರ್ ನಿಮ್ಗೆ ಸರಿಯಾಗಿ ಸಿಗೋದೂ ಇಲ್ಲ, ಸಿಕ್ಕಿದ್ರೂ ಅದ್ರಿಂದ ಜಾಸ್ತಿ ಏನೂ ಗೊತ್ತಾಗಲ್ಲ. 2019.4ರಲ್ಲಿ ಕೂತಿರೋ ಡೆವಲಪರ್ ಯಾಕೆ ಅಲ್ಲೇ ಕೂತಿದಾನೆ ಅಂತ ಯೋಚ್ನೆ ಮಾಡಿ. ಅವನ ಗೇಮ್ ಯಾವತ್ತೋ ರಿಲೀಸ್ ಆಗಿದೆ, ಟೀಮ್‌ನಲ್ಲಿ ಅರ್ಧ ಜನ ಬೇರೆ ಕಂಪನಿಗೆ ಹೋಗಿದಾರೆ, ಎಂಜಿನ್ ಅಪ್‌ಗ್ರೇಡ್ ಮಾಡಿದ್ರೆ ಶೇಡರ್‌ಗಳು ಗುಲಾಬಿ ಬಣ್ಣಕ್ಕೆ ತಿರುಗಿ ಇನ್ನೊಂದು ತಿಂಗಳ ಕೆಲಸ ಮೈಮೇಲೆ ಬರುತ್ತೆ ಅಂತ ಗೊತ್ತು, ಅದಕ್ಕೇ ಯಾರೂ ಅದನ್ನ ಮುಟ್ಟಲ್ಲ. ಎಂಜಿನ್ನೇ ಮುಟ್ಟದವನು ನಿಮ್ಮ ಪ್ಲಗಿನ್ ಮಾತ್ರ ಪ್ರತಿ ಸಲ ಅಪ್‌ಡೇಟ್ ಮಾಡ್ತಾನಾ? ಚಾನ್ಸೇ ಇಲ್ಲ. ಅವನಿಗೆ ನಿಮ್ಮ ಹೊಸ ವರ್ಷನ್ ಬೇಡ, ಅವನ ಹತ್ರ ಕೆಲಸ ಮಾಡ್ತಾ ಇರೋ ಹಳೇ ವರ್ಷನ್ ನಾಳೆ ಲ್ಯಾಪ್‌ಟಾಪ್ ಕೆಟ್ಟು ಹೊಸದು ತಗೊಂಡ್ರೂ ಮತ್ತೆ ಡೌನ್‌ಲೋಡ್‌ಗೆ ಸಿಗ್ಬೇಕು, ಅಷ್ಟೇ. ಹೊಸ ಕೋಡ್ ಹಳೇ ಎಂಜಿನ್‌ನಲ್ಲಿ ಓಡೋ ಹಾಗೆ ಮಾಡೋದು ಒಂದು ಕೆಲಸ, ಹಳೇ ಕೋಡ್ ಸಿಗೋ ಹಾಗೆ ಇಟ್ಟಿರೋದು ಇನ್ನೊಂದು ಕೆಲಸ. ಮೊದಲನೇದಕ್ಕೆ ನಿಮ್ಮ ವಾರಾಂತ್ಯ ಎಲ್ಲ ಹೋಗ್ತಾ ಇದೆ, ಎರಡನೇದಕ್ಕೆ ಹೆಚ್ಚುಕಮ್ಮಿ ಏನೂ ಖರ್ಚಿಲ್ಲ.

ನಂಬಿಕೆ ಬರದಿದ್ರೆ ಕಳೆದ ಒಂದು ವರ್ಷದ ಸಪೋರ್ಟ್ ಮೇಲ್ ಎಲ್ಲ ತೆಗೆದು, ಯಾರು ಯಾವ ಯೂನಿಟಿ ವರ್ಷನ್ ಹೇಳಿದಾರೆ ಅಂತ ಒಂದು ಶೀಟ್‌ನಲ್ಲಿ ಬರೀರಿ. ನಾನು ನೋಡಿರೋ ಪ್ಲಗಿನ್‌ಗಳಲ್ಲಿ ಹಳೇ ವರ್ಷನ್‌ನವರಿಂದ ಬರೋ ಮೇಲ್‌ನಲ್ಲಿ ಹೊಸ ಫೀಚರ್ ಕೇಳಿರೋದು ಬಹಳ ಅಪರೂಪ, ಹೆಚ್ಚಾಗಿ ‘ಮೊನ್ನೆ ಅಪ್‌ಡೇಟ್ ಒತ್ತಿದೆ, ಈಗ ಕಂಪೈಲ್ ಆಗ್ತಿಲ್ಲ, ಹಿಂದಿನದು ಎಲ್ಲಿ ಸಿಗುತ್ತೆ’ ಅನ್ನೋ ತರದ್ದೇ ಇರುತ್ತೆ.

ಸರಿ, ಹಾಗಾದ್ರೆ ಯಾವಾಗ ಅನ್ನೋದಕ್ಕೆ ಅಳತೆ ಏನು? ಮೊಬೈಲ್ ವಿಷಯದಲ್ಲಿ ನನ್ನ ಅಳತೆ ತುಂಬಾ ಸರಳ: ಆ ಎಂಜಿನ್ ವರ್ಷನ್ ಇಟ್ಕೊಂಡು ಇವತ್ತು ಒಬ್ಬರು ಪ್ಲೇ ಸ್ಟೋರ್, ಆಪ್ ಸ್ಟೋರ್‌ಗೆ ಹೊಸ ಬಿಲ್ಡ್ ಹಾಕಕ್ಕೆ ಆಗುತ್ತಾ ಇಲ್ವಾ. ಆಗಲ್ಲ ಅಂದ್ರೆ ನಿಮ್ಮ ಹೊಸ ವರ್ಷನ್ ಅವರ ಕೈಗೆ ಸಿಕ್ಕೂ ಪ್ರಯೋಜನ ಇಲ್ಲ.

ಆಂಡ್ರಾಯ್ಡ್ ಕಡೆ ಈ ಬಾಗಿಲು ಮುಚ್ಚಿದ್ದು ಎರಡು ಹಂತದಲ್ಲಿ. 2025ರ ಆಗಸ್ಟ್ 31ರಿಂದ ಪ್ಲೇ ಸ್ಟೋರ್‌ಗೆ ಬರೋ ಹೊಸ ಆಪ್, ಅಪ್‌ಡೇಟ್ ಎಲ್ಲ ಆಂಡ್ರಾಯ್ಡ್ 15 ಅಂದ್ರೆ ಎಪಿಐ ಲೆವೆಲ್ 35 ಟಾರ್ಗೆಟ್ ಮಾಡ್ಬೇಕು ಅಂತ ಬಂತು. ಇದನ್ನ ಹಳೇ ಯೂನಿಟಿಲೂ ಗ್ರೇಡಲ್ ಬದಲಾಯಿಸಿ, ಎಸ್‌ಡಿಕೆ ಕೈಯಲ್ಲಿ ಹಾಕಿ, ಏನೇನೋ ಸರ್ಕಸ್ ಮಾಡಿ ದಾಟೋರು ಇದಾರೆ. ಎರಡನೇದು ದಾಟಕ್ಕೆ ಆಗಲ್ಲ. 2025ರ ನವೆಂಬರ್ 1ರಿಂದ ಆಂಡ್ರಾಯ್ಡ್ 15 ಟಾರ್ಗೆಟ್ ಮಾಡೋ ಆಪ್‌ಗಳು 16 ಕೆಬಿ ಮೆಮೊರಿ ಪೇಜ್ (ಮೆಮೊರಿ ಹಂಚೋ ತುಂಡಿನ ಅಳತೆ) ಇರೋ ಫೋನ್‌ನಲ್ಲೂ ಓಡ್ಬೇಕು ಅನ್ನೋ ನಿಯಮ. ಅಂದ್ರೆ ಎಪಿಕೆ (ಆಂಡ್ರಾಯ್ಡ್ ಆಪ್ ಫೈಲ್) ಒಳಗಿರೋ ಪ್ರತಿಯೊಂದು ನೇಟಿವ್ ಲೈಬ್ರರಿನೂ (ನೇರ ಪ್ರೊಸೆಸರ್‌ಗೆ ಅಂತ ಬಿಲ್ಡ್ ಮಾಡಿರೋ ಕೋಡ್) 16 ಕೆಬಿ ಅಲೈನ್‌ಮೆಂಟ್‌ನಲ್ಲಿ ಲಿಂಕ್ ಆಗಿರ್ಬೇಕು. ನಿಮ್ಮ ಹಾರ್ಫ್‌ಬಝ್ ಲೈಬ್ರರಿ ನಿಮ್ಮ ಕೈಲಿದೆ, ಆಂಡ್ರಾಯ್ಡ್‌ಗೆ ನೇಟಿವ್ ಕೋಡ್ ಬಿಲ್ಡ್ ಮಾಡೋ ಕಿಟ್ ಎನ್‌ಡಿಕೆ 28ರಲ್ಲಿ ಮತ್ತೆ ಬಿಲ್ಡ್ ಮಾಡಿದ್ರೆ ತಾನಾಗೇ ಸರಿ ಹೋಗುತ್ತೆ, ಹಳೇ ಎನ್‌ಡಿಕೆ ಆದ್ರೆ ಲಿಂಕರ್‌ಗೆ (ಕೋಡ್ ತುಂಡುಗಳನ್ನ ಜೋಡಿಸೋ ಟೂಲ್) ಮ್ಯಾಕ್ಸ್ ಪೇಜ್ ಸೈಜ್ 16384 ಅಂತ ಫ್ಲಾಗ್ ಕೊಡ್ಬೇಕು. ಆದ್ರೆ ಅದೇ ಎಪಿಕೆಯಲ್ಲಿ ಯೂನಿಟಿಯ ಸ್ವಂತ ಲೈಬ್ರರಿ ಇದೆಯಲ್ಲ, ಅದನ್ನ ನೀವೂ ಬಿಲ್ಡ್ ಮಾಡಕ್ಕಾಗಲ್ಲ, ನಿಮ್ಮ ಗಿರಾಕಿನೂ ಮಾಡಕ್ಕಾಗಲ್ಲ. ಅದು ಸರಿಯಾಗಿ ಬಂದಿದ್ದು ಯೂನಿಟಿ 6ರ ಪ್ಯಾಚ್‌ಗಳಲ್ಲಿ, 2022.3ರ ಕೊನೆ ಕೊನೆಯ ಪ್ಯಾಚ್‌ಗಳಲ್ಲಿ. 2021.3ಗೂ ಬಂತು, ಆದ್ರೆ ಅಷ್ಟೊತ್ತಿಗೆ ಅದರ ಪ್ಯಾಚ್‌ಗಳು ಎಂಟರ್‌ಪ್ರೈಸ್ ಲೈಸೆನ್ಸ್ ತರದ ದುಬಾರಿ ಪ್ಲಾನ್‌ನವರಿಗೆ ಮಾತ್ರ ಸಿಗ್ತಾ ಇದ್ವು. 2019.4, 2020.3 ಅಂತೂ ಅಲ್ಲೇ ಉಳ್ಕೊಂಡ್ವು.

ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಪಿಕೆ ಅನಲೈಜರ್ ತೆಗೆದು ಒಂದು ಹಳೇ ಬಿಲ್ಡ್ ಎಳೆದು ಹಾಕಿ ನೋಡಿ, ಲೈಬ್ರರಿ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ಅಲೈನ್‌ಮೆಂಟ್ ಕಾಣುತ್ತೆ, ನಿಮ್ಮದು ಸರಿ ಇದ್ದು ಯೂನಿಟಿದು 4 ಕೆಬಿ ಅಂತ ಎಚ್ಚರಿಕೆ ತೋರಿಸುತ್ತೆ. ಆ ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ, ಆಮೇಲೆ ಯಾರಾದ್ರೂ ‘ಯಾಕೆ ಬಿಟ್ರಿ’ ಅಂತ ಕೇಳಿದಾಗ ಒಂದು ಪೇಜ್ ವಾದ ಮಾಡೋದು ತಪ್ಪುತ್ತೆ.

ಐಫೋನ್ ಕಡೆನೂ ಇದೇ ಕತೆ. ಆಪಲ್‌ನ ಬಿಲ್ಡ್ ಟೂಲ್ ಎಕ್ಸ್‌ಕೋಡ್‌ನಲ್ಲಿ ಕನಿಷ್ಠ 16ನೇ ವರ್ಷನ್, ಐಓಎಸ್ 18 ಎಸ್‌ಡಿಕೆ ಇಟ್ಕೊಂಡು ಬಿಲ್ಡ್ ಮಾಡಿರೋದನ್ನ ಮಾತ್ರ ತಗೊಳ್ಳೋದು ಅಂತ 2025ರ ಏಪ್ರಿಲ್‌ನಲ್ಲಿ ಆಪಲ್ ನಿಯಮ ತಂತು. ಅದಕ್ಕೂ ಮುಂಚೆ ಎಕ್ಸ್‌ಕೋಡ್ 15ರಲ್ಲಿ ಹೊಸ ಲಿಂಕರ್ ಬಂದಾಗ್ಲೇ ಹಳೇ ಯೂನಿಟಿ ಪ್ರಾಜೆಕ್ಟ್‌ಗಳು ಲಿಂಕ್ ಆಗದೆ, ಜನ ಹಳೇ ಲಿಂಕರ್ ಬಳಸು ಅನ್ನೋ ಫ್ಲಾಗ್ ಹಾಕ್ಕೊಂಡು ಒದ್ದಾಡಿದ್ರು.

ಒಂದು ಗುಂಪನ್ನ ಮಾತ್ರ ಈ ಅಳತೆಯಿಂದ ಹೊರಗಿಟ್ಟು ನೋಡ್ಬೇಕು, ನಿಮ್ಮ ಪ್ಲಗಿನ್‌ಗೆ ಅವರು ಮುಖ್ಯ. ಭಾರತೀಯ ಭಾಷೆಯ ಅಕ್ಷರ ಬೇಕು ಅಂತ ದುಡ್ಡು ಕೊಡೋರಲ್ಲಿ ಶಾಲೆ ಟ್ಯಾಬ್ಲೆಟ್‌ಗೆ ಕಲಿಕೆ ಆಪ್ ಮಾಡೋರು, ಮ್ಯೂಸಿಯಂ ಕಿಯೋಸ್ಕ್ ಮಾಡೋರು ಇರ್ತಾರೆ. ಅವರು ಪ್ಲೇ ಸ್ಟೋರ್ ಕಡೆ ತಲೆನೇ ಹಾಕಲ್ಲ, ಎಪಿಕೆ ನೇರವಾಗಿ ಟ್ಯಾಬ್ಲೆಟ್‌ಗೆ ತುಂಬ್ತಾರೆ. ಟ್ಯಾಬ್ಲೆಟ್ ಆಂಡ್ರಾಯ್ಡ್ 4.4 ಇರ್ಬಹುದು. ಯೂನಿಟಿ 2019.4 ಬಿಲ್ಡ್ ಅದರಲ್ಲಿ ಓಡುತ್ತೆ, ಯೂನಿಟಿ 6ಗೆ ಕನಿಷ್ಠ ಆಂಡ್ರಾಯ್ಡ್ 6 ಬೇಕು. ಇಂಥವರು ಹಳೇ ಎಂಜಿನ್‌ನಲ್ಲಿ ಇರೋದಕ್ಕೆ ಸೋಮಾರಿತನ ಕಾರಣ ಅಲ್ಲ, ಹಾರ್ಡ್‌ವೇರ್ ಕಾರಣ, ಮತ್ತೆ ಅವರು ನಿಜವಾಗ್ಲೂ ಹೊಸ ಪಾಠ ಸೇರಿಸ್ತಾ ಹೊಸ ಬಿಲ್ಡ್ ಮಾಡ್ತಾನೇ ಇರ್ತಾರೆ. ನಿಮ್ಮ ಮೇಲ್ ಶೀಟ್‌ನಲ್ಲಿ ಅಂಥವರು ಇಬ್ಬರು ಮೂವರು ಇದ್ರೆ ಎಲ್ಲರಿಗೂ ಅಂತ 2019.4 ಎಳ್ಕೊಂಡು ಹೋಗ್ಬೇಡಿ, ಅವರಿಗೆ ಬೇರೆ ಬ್ರಾಂಚ್‌ನಲ್ಲಿ (ಕೋಡ್‌ನ ಪ್ರತ್ಯೇಕ ಕವಲು) ಪೇಯ್ಡ್ ಸಪೋರ್ಟ್ ಕೊಡಿ. ವರ್ಷಕ್ಕೆ ಇಷ್ಟು ಅಂತ ಒಂದು ಕೋಟ್ ಕಳಿಸಿ ನೋಡಿ. ಒಪ್ಪಿದ್ರೆ ನಿಮ್ಗೂ ಒಳ್ಳೇದು, ಒಪ್ಪದಿದ್ರೆ ಆ ಸಪೋರ್ಟ್ ಅವರಿಗೆ ಎಷ್ಟು ಬೇಕಾಗಿತ್ತು ಅನ್ನೋದೂ ಗೊತ್ತಾಗುತ್ತೆ.

ಪಿಸಿ ಗೇಮ್‌ನವರಿಗೂ ಸ್ಟೋರ್ ಅಳತೆ ನಡಿಯಲ್ಲ, ಸ್ಟೀಮ್‌ನಲ್ಲಿ ಇಂಥ ಎಂಜಿನ್ ವರ್ಷನ್ನೇ ಇರ್ಬೇಕು ಅಂತ ಯಾರೂ ಕೇಳಲ್ಲ. ಅಲ್ಲಿ ನೋಡ್ಬೇಕಾಗಿರೋದು ನಿಮ್ಮ ಕೋಡ್.

ಕೋಡ್‌ನಲ್ಲಿ ಹಳೇ ವರ್ಷನ್ ಎರಡು ತರ ಭಾರ ಆಗುತ್ತೆ. ಒಂದು ಬರೀ ಹೆಸರು ಬದಲಾಗಿರೋದು. ಟೆಕ್ಸ್ಟ್‌ಮೆಶ್‌ಪ್ರೋದಲ್ಲಿ ವರ್ಡ್ ರ‍್ಯಾಪ್ ಆನ್ ಆಫ್ ಮಾಡೋ ಬೂಲಿಯನ್ ಇತ್ತಲ್ಲ, ಹೊಸದರಲ್ಲಿ ಅದು ಟೆಕ್ಸ್ಟ್ ರ‍್ಯಾಪಿಂಗ್ ಮೋಡ್ ಅನ್ನೋ ಈನಮ್ (ಆಯ್ಕೆಗಳ ಪಟ್ಟಿ) ಆಗಿದೆ, ಹಾಗೇ ಫಿಸಿಕ್ಸ್‌ನಲ್ಲಿ ರಿಜಿಡ್‌ಬಾಡಿಯ ವೆಲಾಸಿಟಿ ಯೂನಿಟಿ 6ರಲ್ಲಿ ಲೀನಿಯರ್ ವೆಲಾಸಿಟಿ ಆಯ್ತು. ಇಂಥದ್ದನ್ನ ಒಂದು ಫೈಲ್‌ನಲ್ಲಿ ಸುತ್ತಿಟ್ಟು ‘ಯೂನಿಟಿ 6000.0 ಅಥವಾ ಮೇಲೆ’ ಅಂತ ಒಂದು ಇಫ್ ಡಿಫೈನ್ (ವರ್ಷನ್ ನೋಡಿ ಯಾವ ಕೋಡ್ ಕಂಪೈಲ್ ಆಗ್ಬೇಕು ಅಂತ ಹೇಳೋ ಷರತ್ತು) ಹಾಕಿದ್ರೆ ಮುಗೀತು, ಹತ್ತು ವರ್ಷ ಹಾಗೇ ಬಿದ್ದಿರ್ಬಹುದು, ಅದಕ್ಕೋಸ್ಕರ ಸಪೋರ್ಟ್ ಬಿಡೋ ಅವಶ್ಯಕತೆ ಇಲ್ಲ.

ಇನ್ನೊಂದು ತರ ಕೆಟ್ಟದ್ದು. ಹಳೇ ವರ್ಷನ್‌ನಲ್ಲಿ ಆಗಲ್ಲ ಅನ್ನೋ ಕಾರಣಕ್ಕೆ ಎಲ್ಲರಿಗೂ ಕೋಡ್ ಹಳೇ ತರಾನೇ ಬರಿಯೋದು. ನಿಮ್ಮದೇ ಉದಾಹರಣೆ ತಗೊಳ್ಳಿ. ‘ಸ್ತ್ರೀ’ ಅಂತ ಟೆಕ್ಸ್ಟ್ ಬಂದ್ರೆ ಟೆಕ್ಸ್ಟ್‌ಮೆಶ್‌ಪ್ರೋಗೆ ಅದು ಸ, ಹಲಂತ, ತ, ಹಲಂತ, ರ, ಈ ಮಾತ್ರೆ ಅಂತ ಆರು ಕ್ಯಾರೆಕ್ಟರ್, ಒಂದರ ಪಕ್ಕ ಒಂದು ಜೋಡಿಸಿ ಕೈ ತೊಳ್ಕೊಳುತ್ತೆ, ಒತ್ತು ಕೆಳಗೆ ಬರಲ್ಲ. ನೀವು ಹಾರ್ಫ್‌ಬಝ್‌ಗೆ ಕಳಿಸಿ ಗ್ಲಿಫ್ (ಫಾಂಟ್‌ನಲ್ಲಿರೋ ಅಕ್ಷರದ ಆಕಾರ) ನಂಬರ್, ಎಷ್ಟು ಸರಿಬೇಕು ಅನ್ನೋ ಆಫ್‌ಸೆಟ್ ವಾಪಸ್ ತಗೊಂಡು ಮೆಶ್ ಕಟ್ತೀರ. ಈ ಬಫರ್ ಸಿ ಶಾರ್ಪ್ ಮತ್ತೆ ನೇಟಿವ್ ಕೋಡ್ ನಡುವೆ ಪ್ರತಿ ಸಲ ಓಡಾಡ್ಬೇಕು. ಯೂನಿಟಿ 2021.2ರಿಂದ ಡಾಟ್ ನೆಟ್ ಸ್ಟ್ಯಾಂಡರ್ಡ್ 2.1, ಸಿ ಶಾರ್ಪ್ 9 ಬಂತು, ಸ್ಪ್ಯಾನ್ ಅನ್ನೋ ಸೌಲಭ್ಯ ಸಲೀಸಾಗಿ ಸಿಗುತ್ತೆ, ಕಾಪಿ ಮಾಡದೆ, ಗಾರ್ಬೇಜ್ (ಆಮೇಲೆ ಗುಡಿಸ್ಬೇಕಾದ ಮೆಮೊರಿ ಕಸ) ಆಗದೆ ಬಫರ್ ದಾಟಿಸ್ಬಹುದು. 2019.4ರಲ್ಲಿ ಸಿ ಶಾರ್ಪ್ 7.3. ಹಾಗಾಗಿ ನೀವು ಅರೇ ಕಾಪಿ ಮಾಡೋ ದಾರಿ ಹಿಡಿದಿರ್ತೀರ, ಮತ್ತೆ ಎರಡೆರಡು ದಾರಿ ಇಟ್ಕೊಳ್ಳೋದು ಕಷ್ಟ ಅಂತ ಯೂನಿಟಿ 6 ಬಳಸೋರಿಗೂ ಅದನ್ನೇ ಕೊಟ್ಟಿರ್ತೀರ. ಅವರ ಗೇಮ್‌ನಲ್ಲಿ ಪ್ರತಿ ಫ್ರೇಮ್ ಸ್ಕೋರ್ ಬದಲಾದಾಗ ಗಾರ್ಬೇಜ್ ಆಗ್ತಾ ಇರುತ್ತೆ, ಯಾರೋ ಅಪ್‌ಡೇಟೇ ಮಾಡದ ಒಬ್ಬನ ಸಲುವಾಗಿ. ಇಫ್ ಡಿಫೈನ್ ಎಷ್ಟಿದೆ ಅಂತ ಎಣಿಸ್ಬೇಡಿ, ಹಳೇ ವರ್ಷನ್ ನೆನಪಿಸ್ಕೊಂಡು ಯಾವ್ಯಾವ ಫೀಚರ್ ಕೈಬಿಟ್ರಿ, ಯಾವ್ಯಾವುದನ್ನ ಸುತ್ತಿ ಬಳಸಿ ಬರೆದ್ರಿ ಅಂತ ನೋಡಿ. ಅಂಥದ್ದು ಒಂದು ಸಿಕ್ಕಿದ್ರೂ ನನ್ನ ಪ್ರಕಾರ ಬಿಡೋ ಟೈಮ್ ಬಂದಿದೆ.

ಇನ್ನು ಟೆಕ್ಸ್ಟ್‌ಮೆಶ್‌ಪ್ರೋ ಪ್ಯಾಕೇಜ್ ವಿಷಯ. ಯೂನಿಟಿ 2023.2ರಿಂದ ಅದು ಬೇರೆ ಪ್ಯಾಕೇಜ್ ಆಗಿ ಉಳಿದಿಲ್ಲ, ಯೂನಿಟಿಯ ಯುಐ ಪ್ಯಾಕೇಜ್ ಯುಜಿಯುಐ 2.0 ಒಳಗೆ ಸೇರ್ಕೊಂಡಿದೆ, ಯೂನಿಟಿ 6ರಲ್ಲೂ ಹಾಗೇ. ನಿಮ್ಮ ಅಸೆಂಬ್ಲಿ ಡೆಫಿನಿಷನ್‌ನ (ಕೋಡ್ ಹೇಗೆ ಕಂಪೈಲ್ ಆಗ್ಬೇಕು ಅಂತ ಹೇಳೋ ಫೈಲ್) ವರ್ಷನ್ ಡಿಫೈನ್‌ನಲ್ಲಿ ‘ಟೆಕ್ಸ್ಟ್‌ಮೆಶ್‌ಪ್ರೋ ಪ್ಯಾಕೇಜ್ ಇದ್ರೆ ಈ ಡಿಫೈನ್ ಆನ್ ಮಾಡು’ ಅಂತ ಬರೆದಿದ್ರೆ, ಹೊಸ ಪ್ರಾಜೆಕ್ಟ್‌ನಲ್ಲಿ ಆ ಪ್ಯಾಕೇಜೇ ಇಲ್ದೆ ಡಿಫೈನ್ ಆಫ್ ಆಗಿ, ಎರರ್ ಕೂಡ ಬರ್ದೆ ನಿಮ್ಮ ಅರ್ಧ ಕೋಡ್ ಸದ್ದಿಲ್ಲದೆ ಕಂಪೈಲ್‌ನಿಂದ ಹೊರಗೆ ಹೋಗಿರುತ್ತೆ. ಯೂನಿಟಿ 6ರಲ್ಲಿ ‘ಪ್ಲಗಿನ್ ಇನ್‌ಸ್ಟಾಲ್ ಆಗುತ್ತೆ, ಕೆಲಸ ಮಾಡಲ್ಲ’ ಅನ್ನೋ ಮೇಲ್ ಬಂದಿದ್ರೆ ಮೊದ್ಲು ಇಲ್ಲಿ ನೋಡಿ. 2022.3 ಇಟ್ಕೊಂಡಷ್ಟು ದಿನ ಎರಡೂ ಪ್ಯಾಕೇಜ್‌ಗೆ ಷರತ್ತು ಬರಿಬೇಕಾಗುತ್ತೆ, ಅದು ಬಿಡಿ, ಎರಡು ಸಾಲು.

ಟೆಸ್ಟಿಂಗ್ ಖರ್ಚನ್ನೂ ಜನ ಲೆಕ್ಕಕ್ಕೆ ತಗೊಳಲ್ಲ. ನೀವು ಮ್ಯಾಕ್‌ನಲ್ಲಿ ಕೆಲಸ ಮಾಡ್ತಿದ್ರೆ ಇನ್ನೊಂದು ಗಡುವೂ ಇದೆ: ಯೂನಿಟಿ ಎಡಿಟರ್ ಆಪಲ್‌ನ ಸ್ವಂತ ಚಿಪ್ ಆದ ಆಪಲ್ ಸಿಲಿಕಾನ್‌ನಲ್ಲಿ ನೇರವಾಗಿ ಓಡಕ್ಕೆ ಶುರುವಾಗಿದ್ದು 2021.2ರಿಂದ, 2019.4, 2020.3 ಎರಡೂ ಇಂಟೆಲ್ ಸಾಫ್ಟ್‌ವೇರನ್ನ ಆ ಚಿಪ್‌ನಲ್ಲಿ ಓಡಿಸೋ ರೊಸೆಟ್ಟಾ ಮೇಲೆ ಓಡ್ತಾ ಇರೋದು. ರೊಸೆಟ್ಟಾ ಮ್ಯಾಕ್‌ಓಎಸ್ 27ರ ತನಕ ಪೂರ್ತಿ ಇರುತ್ತೆ ಅಂತ ಆಪಲ್ ಹೇಳಾಗಿದೆ, ಅದರಾಚೆಗೆ ಹಳೇ ಎಡಿಟರ್ ತೆಗೆಯಕ್ಕೇ ಒಂದು ಹಳೇ ಮೆಷಿನ್ ಕಾಪಾಡ್ಕೊಂಡು ಕೂರ್ಬೇಕು. ಟೆಸ್ಟ್ ಮಾಡದೇ ಇರೋ ವರ್ಷನ್ ಹೆಸರನ್ನ ಸ್ಟೋರ್ ಪೇಜ್‌ನಲ್ಲಿ ‘ಸಪೋರ್ಟೆಡ್’ ಅಂತ ಹಾಕೋದು ಸುಳ್ಳು ಹೇಳಿದ ಹಾಗೆ, ಕೆಟ್ಟ ರಿವ್ಯೂ ಬರೋದೂ ಅದಕ್ಕೇ ಹೆಚ್ಚು.

ಕೆಲವರು ಕ್ಯಾಲೆಂಡರ್ ಹಾಕ್ಕೊಂಡು ಬಿಡ್ತಾರೆ. ಪೈಥಾನ್ ಭಾಷೆಯ ಲೋಕದಲ್ಲಿ ನಂಪೈ ಲೈಬ್ರರಿಯವರು ತಂದಿದ್ದ ನೆಪ್ 29 ಅನ್ನೋ ನಿಯಮ ಹಾಗೇ ಇತ್ತು, ಹಿಂದಿನ 42 ತಿಂಗಳಲ್ಲಿ ಬಂದಿರೋ ಪೈಥಾನ್ ವರ್ಷನ್‌ಗಳಿಗೆ ಸಪೋರ್ಟ್, ಅದಕ್ಕಿಂತ ಹಳೇದಕ್ಕೆ ಇಲ್ಲ. ವಾದಕ್ಕೆ ಜಾಗ ಇಲ್ಲ, ಅದೇ ಅದರ ಚಂದ. ಯೂನಿಟಿಲಿ ಅದನ್ನ ಹಾಗೇ ಹಾಕೋದು ಕಷ್ಟ, ಪೈಥಾನ್ ವರ್ಷಕ್ಕೊಂದು ಬರುತ್ತೆ, ಯೂನಿಟಿ 2022.3 ಎಲ್‌ಟಿಎಸ್ (ದೀರ್ಘಾವಧಿ ಸಪೋರ್ಟ್ ಇರೋ ವರ್ಷನ್) ಆದಮೇಲೆ 2024ರ ಅಕ್ಟೋಬರ್‌ನಲ್ಲಿ ಯೂನಿಟಿ 6 ಅಂತ ಹೆಸರಿನ ಪದ್ಧತಿನೇ ಬದಲಾಯಿಸ್ತು, ನಡುವೆ 2023ರ ಸೆಪ್ಟೆಂಬರ್‌ನಲ್ಲಿ ರನ್‌ಟೈಮ್ ಫೀ (ಗೇಮ್ ಇನ್‌ಸ್ಟಾಲ್ ಲೆಕ್ಕದಲ್ಲಿ ಯೂನಿಟಿ ಕೇಳಿದ ದುಡ್ಡು) ಗಲಾಟೆ ಆಗಿ ಎಷ್ಟೋ ಜನ ಸಿಟ್ಟಿಗೆ ಹಳೇ ವರ್ಷನ್‌ನಲ್ಲೇ ಗಟ್ಟಿಯಾಗಿ ಕೂತ್ರು, ಒಂದು ವರ್ಷ ಆದಮೇಲೆ ಆ ಫೀ ರದ್ದಾಯ್ತು ಅನ್ನಿ. ಹಾಗಾಗಿ ಎಲ್‌ಟಿಎಸ್‌ಗೆ ಯೂನಿಟಿಯವರೇ ಎಲ್ಲರಿಗೂ ಕೊಡೋ ಎರಡು ವರ್ಷದ ಅವಧಿ ಮುಗಿದಮೇಲೆ ಇನ್ನೊಂದು ವರ್ಷ ನೀವು ಕೊಡಿ, ಆಮೇಲೆ ಸ್ಟೋರ್ ಬಾಗಿಲು ನೋಡಿ ತೀರ್ಮಾನ ಮಾಡಿ. ಎಂಜಿನ್ ಮಾಡಿದವರೇ ಬಗ್ ಸರಿ ಮಾಡದ ವರ್ಷನ್‌ಗೆ ಒಬ್ಬರೇ ಕೂತು ಕೆಲಸ ಮಾಡೋ ನೀವು ಜವಾಬ್ದಾರಿ ತಗೊಳ್ಳೋದ್ರಲ್ಲಿ ಅರ್ಥ ಇಲ್ಲ.

ಅಂದ್ಹಾಗೆ ಗೊಡೋ ಅನ್ನೋ ಇನ್ನೊಂದು ಗೇಮ್ ಎಂಜಿನ್‌ನಲ್ಲಿ ಇದ್ದಿದ್ರೆ ನಿಮ್ಗೆ ಈ ತಲೆನೋವೇ ಬರ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ ಗೊಡೋ 4ರಲ್ಲಿ ಹಾರ್ಫ್‌ಬಝ್ ಎಂಜಿನ್ ಒಳಗೇ ಇದೆ, ಕನ್ನಡ ತಾನಾಗೇ ಸರಿ ಬರುತ್ತೆ. ಆದ್ರೆ ಅಲ್ಲಿ ಆಡಾನ್ ಬರಿಯೋರಿಗೆ ಬೇರೆ ಕಷ್ಟ, ಅದರ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲಿ ಇಫ್ ಡಿಫೈನ್ ಇಲ್ಲ, ಗೊಡೋ 3ರ ಯೀಲ್ಡ್ 4ರಲ್ಲಿ ಅವೇಟ್ ಆಗಿದೆ, ಒಂದೇ ಫೈಲ್ ಎರಡರಲ್ಲೂ ಓಡೋ ಮಾತೇ ಇಲ್ಲ. ಅದಕ್ಕೇ ಅವರು ಶುರುವಿಂದ್ಲೇ 3ಕ್ಕೆ ಒಂದು ಬ್ರಾಂಚ್, 4ಕ್ಕೆ ಒಂದು ಬ್ರಾಂಚ್ ಅಂತ ಹೋದ್ರು. ಬೇರೆ ದಾರಿ ಇಲ್ದೆ ಹಿಡಿದ ದಾರಿ, ಆದ್ರೆ ಯೂನಿಟಿಯವರೂ ಅದನ್ನೇ ಮಾಡ್ಬೇಕು ಅಂತ ನನ್ನ ಅಭಿಪ್ರಾಯ.

ಈಗ ಹೇಗೆ ಬಿಡೋದು. ಈಗಿನ ವರ್ಷನ್ 1.8 ಅಂತ ಇಟ್ಕೊಳ್ಳಿ. ಮೊದ್ಲು 1.9 ಅಂತ ಒಂದು ಬಿಡುಗಡೆ ಮಾಡಿ, ಹೊಸ ಫೀಚರ್ ಏನೂ ಬೇಡ, ಗೊತ್ತಿರೋ ಬಗ್ ಎಲ್ಲ ಸರಿ ಮಾಡಿ, ಐದೂ ಎಡಿಟರ್‌ನಲ್ಲಿ ಕೊನೇ ಸಲ ಚೆನ್ನಾಗಿ ಟೆಸ್ಟ್ ಮಾಡಿ. ಚೇಂಜ್‌ಲಾಗ್‌ನ ಮೊದಲ ಸಾಲಲ್ಲೇ ‘2019.4, 2020.3, 2021.3ಗೆ ಇದೇ ಕೊನೇ ವರ್ಷನ್’ ಅಂತ ಬರೀರಿ, ಕೆಳಗೆಲ್ಲೋ ಹುದುಗಿಸ್ಬೇಡಿ. ಆಮೇಲೆ 2.0, ಅದರಿಂದ ಹಳೇದು ಇಲ್ಲ. 2021.3ನೂ ಇಲ್ಲೇ ಹೋಗುತ್ತೆ. 1.9.1ರಿಂದ 1.9.2ಕ್ಕೆ ಹೋದವನಿಗೆ ಮಾತ್ರ ಯಾವತ್ತೂ ಎಂಜಿನ್ ಸಪೋರ್ಟ್ ಹೋಗಿರ್ಬಾರ್ದು. ನಿಮ್ಗೆ ಭಯ ಇರೋ ಒಂದು ಸ್ಟಾರ್ ಬರೋದು ಅಲ್ಲೇ, ಯಾರಿಗೂ ಹೇಳ್ದೆ ಸಣ್ಣ ಅಪ್‌ಡೇಟ್‌ನಲ್ಲಿ ತೆಗೆದಾಗ.

ಅಸೆಟ್ ಸ್ಟೋರ್‌ನಲ್ಲಿ ಒಂದೇ ಅಸೆಟ್‌ಗೆ ಬೇರೆ ಬೇರೆ ಯೂನಿಟಿ ವರ್ಷನ್‌ನಿಂದ ಬೇರೆ ಬೇರೆ ಪ್ಯಾಕೇಜ್ ಅಪ್‌ಲೋಡ್ ಮಾಡ್ಬಹುದು, ಗಿರಾಕಿ ಎಡಿಟರ್‌ಗೆ ಹೊಂದೋದೇ ಅವನಿಗೆ ಡೌನ್‌ಲೋಡ್ ಆಗುತ್ತೆ. ಆದ್ದರಿಂದ 2019.4ರಿಂದ ಅಪ್‌ಲೋಡ್ ಮಾಡಿರೋ 1.9 ಪ್ಯಾಕೇಜ್ ಅಲ್ಲೇ ಇರ್ಲಿ, ಅಳಿಸ್ಬೇಡಿ, 2.0ನ 2022.3ರಿಂದ ಹಾಕಿ. ಗಿಟ್ ಯುಆರ್‌ಎಲ್‌ನಲ್ಲಿ ತಗೊಳ್ಳೋರು ಇದ್ರೆ ಅವರ ಕತೆ ಸೂಕ್ಷ್ಮ, ಯುಆರ್‌ಎಲ್ ಕೊನೇಲಿ ಹ್ಯಾಶ್ ಹಾಕಿ ಟ್ಯಾಗ್ ಹೆಸರು ಕೊಡದಿದ್ರೆ ಮೇನ್ ಬ್ರಾಂಚ್‌ನ ತುದಿ ಬರುತ್ತೆ, 2.0 ಮರ್ಜ್ ಮಾಡಿದಮೇಲೆ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಹಳೇ ಪ್ರಾಜೆಕ್ಟ್ ಕಂಪೈಲ್ ಆಗಲ್ಲ. ರೀಡ್‌ಮಿಯಲ್ಲಿ ಟ್ಯಾಗ್ ಸಮೇತ ಇರೋ ಯುಆರ್‌ಎಲ್ ಇವತ್ತಿಂದ್ಲೇ ಹಾಕಿ, ಪ್ಯಾಕೇಜ್ ಜೇಸನ್‌ನಲ್ಲಿ ಕನಿಷ್ಠ ಯೂನಿಟಿ ವರ್ಷನ್ ಬರಿಯೋ ಫೀಲ್ಡ್ ಇದೆ, 2.0ದಲ್ಲಿ ಅದನ್ನ ಬದಲಾಯಿಸೋದು ಮರೀಬೇಡಿ.

1.9ರ ಬ್ರಾಂಚ್‌ನ ಮಾತ್ರ ಸಾಯಕ್ಕೆ ಬಿಡ್ಬೇಡಿ. 2025ರ ಅಕ್ಟೋಬರ್‌ನಲ್ಲಿ ಯೂನಿಟಿ ಒಂದು ಸೆಕ್ಯೂರಿಟಿ ಲೋಪ ಹೊರಗೆ ಹೇಳ್ತು, ಸಿವಿಇ 2025-59489, 2017.1ರಿಂದ ಈಚೆಗಿನ ಎಂಜಿನ್‌ನಲ್ಲಿ ಮಾಡಿದ ಆಂಡ್ರಾಯ್ಡ್, ವಿಂಡೋಸ್, ಮ್ಯಾಕ್, ಲಿನಕ್ಸ್ ಬಿಲ್ಡ್‌ಗಳಿಗೆ ತಗಲೋದು. ಯೂನಿಟಿಯವರು ಸಪೋರ್ಟ್ ಮುಗಿದ ವರ್ಷನ್‌ಗೂ ಹಿಂದಕ್ಕೆ ಹೋಗಿ 2019.1ರ ತನಕ ಪ್ಯಾಚ್ ಕೊಟ್ರು. ಫೀಚರ್ ಏನೂ ಇಲ್ಲ, ಆ ತೂತು ಮುಚ್ಚಿದ್ದು ಅಷ್ಟೇ. ಆವಾಗ ವರ್ಷಗಟ್ಲೆ ಮುಟ್ಟದ ಪ್ರಾಜೆಕ್ಟ್‌ಗಳನ್ನ ಜನ ತೆಗೆದು ಮತ್ತೆ ಬಿಲ್ಡ್ ಮಾಡ್ಬೇಕಾಯ್ತು. ನಿಮ್ಮ ಪ್ಲಗಿನ್‌ನಲ್ಲೂ ನೇಟಿವ್ ಲೈಬ್ರರಿ ಇದೆ, ಫಾಂಟ್ ಫೈಲ್ ಓದೋ ಕೋಡ್‌ನಲ್ಲಿ ನಾಳೆ ಏನಾದ್ರೂ ಸಿಕ್ಕಿದ್ರೆ 1.9ಗೆ ಒಂದು ಪ್ಯಾಚ್ ಬಿಡೋ ಸ್ಥಿತಿಲಿ ನೀವು ಇರ್ಬೇಕು. ಅದಕ್ಕೆ ಬಿಲ್ಡ್ ಸ್ಕ್ರಿಪ್ಟ್, ಯಾವ ಎನ್‌ಡಿಕೆ, ಯಾವ ಎಡಿಟರ್ ಪ್ಯಾಚ್ ನಂಬರ್ ಅನ್ನೋದನ್ನೆಲ್ಲ ಆ ಬ್ರಾಂಚ್‌ನಲ್ಲೇ ಬರೆದಿಟ್ಟುಬಿಡಿ, ಎರಡು ವರ್ಷ ಆದಮೇಲೆ ನಿಮ್ಗೇ ನೆನಪಿರಲ್ಲ.

ಕೊನೇದಾಗಿ 2022.3. ಎಲ್ಲರಿಗೂ ಸಿಗ್ತಾ ಇದ್ದ ಸಪೋರ್ಟ್ ಅದಕ್ಕೂ ಮುಗಿದಿದೆ, ಆದ್ರೆ ಅದರ ಕೊನೇ ಪ್ಯಾಚ್‌ನಲ್ಲಿ 16 ಕೆಬಿ ಸರಿ ಇರೋದ್ರಿಂದ ಪ್ಲೇ ಸ್ಟೋರ್‌ಗೆ ಇನ್ನೂ ಬಿಲ್ಡ್ ಹೋಗ್ತಾ ಇದೆ, ಸಿ ಶಾರ್ಪ್ 9 ಇರೋದ್ರಿಂದ ನಿಮ್ಮ ಕೋಡ್‌ಗೂ ಅದು ಅಡ್ಡ ಬರಲ್ಲ. ಕನಿಷ್ಠ 2022.3.62 ಅಂತ ಪ್ಯಾಚ್ ನಂಬರ್ ಸಮೇತ ಹಾಕಿ, ಬರೀ 2022.3 ಅಂದ್ರೆ ಯಾರೋ ಎರಡು ವರ್ಷ ಹಳೇ ಪ್ಯಾಚ್‌ನಲ್ಲಿ ಕೂತು ‘ಪ್ಲೇ ಸ್ಟೋರ್ ರಿಜೆಕ್ಟ್ ಮಾಡ್ತು’ ಅಂತ ನಿಮ್ಗೆ ಬರೀತಾರೆ. ಯೂನಿಟಿ 6.0 ಎಲ್‌ಟಿಎಸ್ 2026ರ ಅಕ್ಟೋಬರ್ ತನಕ ಇದೆ, 2022.3ನ ಯಾವಾಗ ಬಿಡೋದು ಅಂತ ಆವಾಗ ಮತ್ತೆ ಸ್ಟೋರ್ ನಿಯಮ, ಮೇಲ್ ಶೀಟ್ ಎರಡನ್ನೂ ತೆಗೆದು ನೋಡಿ. ಅಷ್ಟರಲ್ಲಿ ಯೂನಿಟಿಯ ಇನ್ನೊಂದು ಯುಐ ವ್ಯವಸ್ಥೆ ಯುಐ ಟೂಲ್‌ಕಿಟ್‌ನ ಅಡ್ವಾನ್ಸ್ಡ್ ಟೆಕ್ಸ್ಟ್ ಜನರೇಟರ್ ಮೇಲೂ ಒಂದು ಕಣ್ಣಿರ್ಲಿ. ಯೂನಿಟಿ 6ರಲ್ಲಿ ಬಂದಿರೋ ಅದು ಒಳಗಡೆ ಹಾರ್ಫ್‌ಬಝ್ಜೇ ಬಳಸುತ್ತೆ, ಯುಐ ಟೂಲ್‌ಕಿಟ್‌ಗೆ ಹೋದ ಗಿರಾಕಿಗೆ ನಿಮ್ಮ ಪ್ಲಗಿನ್ ಬೇಕಾಗದೇ ಇರ್ಬಹುದು, ಟೆಕ್ಸ್ಟ್‌ಮೆಶ್‌ಪ್ರೋದಲ್ಲೇ ಉಳಿದವರಿಗೆ ಬೇಕೇ ಬೇಕು. ಹಾಗಾಗಿ ಹಳೇ ಎಡಿಟರ್‌ಗಳಿಂದ ಉಳಿದ ಟೈಮನ್ನ ಟೆಕ್ಸ್ಟ್‌ಮೆಶ್‌ಪ್ರೋ ಕಡೆ ವೇಗ ಹೆಚ್ಚಿಸಕ್ಕೆ ಹಾಕಿ, ಆ ಸ್ಪ್ಯಾನ್ ಕೆಲಸದಿಂದ ಶುರು ಮಾಡಿ.